ಸತ್ಯವೇದದ ಪಾಠ: ಕತ್ತೆ ಎಂಬ ಶಬ್ದದ ಅರ್ಥವೂ ಪ್ರಯೋಗವೂ



ಗರಿಗಳ ಆದಿತ್ಯವಾರದಲ್ಲಿ ನಮ್ಮ ಸಭೆಗಳಲ್ಲೆಲ್ಲಾ ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯವು ಓದಲ್ಪಡುವದಷ್ಟೆ. ಆ ಪಾಠದಲ್ಲಿ ಕತ್ತೆ ಎಂಬ ಶಬ್ದ ಬಂದ ಕೂಡಲೆ ಹಿಂದೆ ಕೂತ ಹುಡುಗರು ಒಬ್ಬರನ್ನೊಬ್ಬರು ತಿವಿದು ನಗುವದನ್ನು ಹಳ್ಳಿಗಳಲ್ಲಿ ಸೇವೆ ಮಾಡುವ ಉಪದೇಶಿಗಳೆಲ್ಲರೂ ಕಂಡಿದ್ದಾರೆ. ದೊಡ್ಡವರು ನಗುವದಿಲ್ಲ, ಆದರೂ ನಮ್ಮ ಕರ್ತನು ಇಂಥಾ ಪ್ರಾಣಿಯನ್ನು ಯಾಕೆ ಏರಿದನು ಎಂಬ ಸಂಕೋಚವು ಅವರ ಮನಸ್ಸಿನಲ್ಲಿಯೂ ಇರುತ್ತದೆ. ಇದಕ್ಕೆ ಕಾರಣವೇನಂದರೆ, ಈ ಶಬ್ದವು ನಮ್ಮ ಬಾಯಲ್ಲಿ ಪ್ರಾಣಿಯ ಹೆಸರಾಗಿರುವದಕ್ಕಿಂತ ಬೈಗಳಾಗಿರುವದೇ ಹೆಚ್ಚು. ಬೈಗಳ ಅರ್ಥವನ್ನೇ ಮನಸ್ಸಿನಲ್ಲಿಟ್ಟುಕೊಂಡು ಸತ್ಯವೇದವನ್ನು ಓದುವವನಿಗೆ ಅನೇಕ ವಚನಗಳು ತಲೆಕೆಳಗಾಗಿ ತೋರುವವು. ಆದಕಾರಣ ಈ ಶಬ್ದವು ಎಲ್ಲಿಂದ ಬಂತು, ನಮ್ಮ ಸೀಮೆಯಲ್ಲಿ ಅದು ಹೇಗೆ ನಡೆಯುತ್ತದೆ, ಸತ್ಯವೇದದಲ್ಲಿ ಅದಕ್ಕೆ ಯಾವ ತೂಕವಿದೆ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಕತ್ತೆ ಎಂಬದು ಅಚ್ಚ ಕನ್ನಡ ಶಬ್ದ. ಹಳಗನ್ನಡದಲ್ಲಿ ಇದು ಕೞ್ತೆ ಎಂದಿತ್ತು. ಈ ೞ ಎಂಬ ಅಕ್ಷರವು ಈಗ ಬಳಕೆಯಲ್ಲಿಲ್ಲ. ಅದು ಬಿದ್ದುಹೋಗುವಾಗ ಕೞ್ತಲೆ ಎಂಬದು ಕತ್ತಲೆಯಾದಂತೆಯೇ ಕೞ್ತೆಯು ಕತ್ತೆಯಾಯಿತು. ತಮಿಳರು ಕೞುದೈ ಎಂದೂ ಮಲೆಯಾಳದವರು ಕೞುದ ಎಂದೂ ತೆಲುಗರು ಗಾಡಿದ ಎಂದೂ ಹೇಳುವದರಿಂದ ಇವೆಲ್ಲಾ ಒಂದೇ ಮನೆಯ ಮಕ್ಕಳೆಂದು ತಿಳಿಯುವದು. ಬಾಸೆಲ್ ಮಿಶನಿನ ಕಿಟ್ಟೆಲ್ ಪಾದ್ರಿಯವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ದೊಡ್ಡ ನಿಘಂಟಿನಲ್ಲಿ ಇಂಥಾ ಹಳೆಯ ರೂಪಗಳನ್ನೂ ನೆರೆಭಾಷೆಗಳ ರೂಪಗಳನ್ನೂ ಜೊತೆಗೂಡಿಸಿ ಕೊಟ್ಟಿದ್ದಾರೆ. ಸಂಸ್ಕೃತದಲ್ಲಿ ಗರ್ದಭ, ಖರ, ರಾಸಭ ಎಂಬ ಹೆಸರುಗಳಿವೆ. ಗರ್ದಭವೆಂಬದೇ ದಕ್ಷಿಣದ ಭಾಷೆಗಳಿಂದ ಸಂಸ್ಕೃತಕ್ಕೆ ಹೋಗಿರಬಹುದೆಂದು ಕೆಲವು ವಿದ್ವಾಂಸರು ಎಣಿಸುತ್ತಾರೆ. ಖರವೆಂಬದಾದರೋ ಪಾರಸಿಯ ಖರ್ ಎಂಬದರ ಬಂಧುವು. ಬೀದರದ ಸೀಮೆಯಲ್ಲಿ ಉರ್ದೂ ಕೇಳದವರು ಯಾರೂ ಇಲ್ಲ. ಮೊಲಕ್ಕೆ ಆ ಭಾಷೆಯಲ್ಲಿ ಖರ್‌ಗೋಷ್ ಎನ್ನುತ್ತಾರೆ. ಕತ್ತೆಯ ಕಿವಿಯುಳ್ಳದ್ದು ಎಂದೇ ಅದರ ಅರ್ಥ.

ಬಸವಕಲ್ಯಾಣ ಹುಮನಾಬಾದಗಳ ಪೇಟೆಯಲ್ಲಿ ಒಂದು ತಾಸು ನಿಂತರೆ ಈ ಒಂದು ಪ್ರಾಣಿಯ ಹೆಸರನ್ನು ಮೂರು ಭಾಷೆಗಳಲ್ಲಿ ಕೇಳಬಹುದು. ಉರ್ದೂ ಆಡುವವರು ಗಧಾ ಎನ್ನುವರು, ಮರಾಠಿಯವರು ಗಾಢವ ಎನ್ನುವರು, ನಮ್ಮವರು ಕತ್ತಿ ಎನ್ನುವರು. ಮೂರರಲ್ಲಿಯೂ ಹೆಚ್ಚು ಸಲ ಸಂಬೋಧಿಸಲ್ಪಡುವದು ಪ್ರಾಣಿಯಲ್ಲ, ಮನುಷ್ಯನು.

ಇಲ್ಲಿ ಸಭೆಯಲ್ಲಿ ವೇದಪಾಠ ಓದುವವರಿಗೆ ಒಂದು ಎಚ್ಚರಿಕೆಯ ಮಾತು. ನಮ್ಮ ಕಡೆಯ ಮಾತಿನಲ್ಲಿ ಕಡೆಯ ಎಕಾರವು ಇಕಾರವಾಗುವದು ವಾಡಿಕೆ. ಮನೆಯು ಮನಿಯಾಗುವಂತೆ ಕತ್ತೆಯು ಕತ್ತಿಯಾಗುವದು. ಪುಸ್ತಕದ ಭಾಷೆಯಲ್ಲಾದರೋ ಕತ್ತಿ ಅಂದರೆ ಖಡ್ಗ. ಮನೆಯಲ್ಲಿ ಮಾತಾಡುವಾಗ ಇದರಿಂದ ಏನೂ ಕೆಡುವದಿಲ್ಲ. ಆದರೆ ಅರಣ್ಯಕಾಂಡದ 22ನೆಯ ಅಧ್ಯಾಯದಲ್ಲಿ ಬಿಳಾಮನ ಕತ್ತೆಯು ದೂತನ ಕೈಯಲ್ಲಿ ಹಿರಿದ ಕತ್ತಿಯನ್ನು ಕಂಡಿತೆಂದು ಒಂದೇ ವಚನದಲ್ಲಿ ಎರಡೂ ಶಬ್ದಗಳಿವೆ; ಮುಂದೆ ಬಿಳಾಮನು ನನ್ನ ಕೈಯಲ್ಲಿ ಕತ್ತಿಯಿದ್ದರೆ ಈ ಕತ್ತೆಯನ್ನು ಕೊಲ್ಲುತ್ತಿದ್ದೆನೆಂಬ ಅರ್ಥದಲ್ಲಿ ಮಾತಾಡುತ್ತಾನೆ. ಅವಸರದಿಂದ ಓದಿದರೆ ಓದುಬಾರದ ಮುದುಕಿಯರಿಗೆ ಯಾವದು ಯಾವದನ್ನು ಕಂಡಿತೆಂಬದೇ ತಿಳಿಯದೆ ಹೋಗುವದು. ಇಂಥಾ ಕಡೆಯಲ್ಲಿ ನಿಂತು, ಅಕ್ಷರ ಬಿಡಿಸಿ ಓದತಕ್ಕದ್ದು. ಬೇಕಾದರೆ ಕತ್ತಿಗೆ ಬದಲು ತಲವಾರ ಎಂದು ಬಿಡಿಸಿ ಹೇಳಬಹುದು. ಅದರಲ್ಲಿ ದೋಷವೇನೂ ಇಲ್ಲ.

ಇನ್ನು ಗಾದೆಗಳ ವಿಷಯ. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂಬ ಮಾತು ಕನ್ನಡ ನಾಡಿನಲ್ಲೆಲ್ಲಾ ಇದೆ. ಕೆಲಸವಾಗಬೇಕಾದರೆ ಕತ್ತೆಯ ಕಾಲನ್ನಾದರೂ ಹಿಡಿ ಎಂದು ಲೌಕಿಕರು ಬುದ್ಧಿ ಹೇಳುವರು. ಕೂಲಿಯಿಲ್ಲದೆ, ಹೊತ್ತುಗೊತ್ತಿಲ್ಲದೆ ಮಾಡುವ ಕೆಲಸವು ಕತ್ತೆಚಾಕರಿ. ಲೆಕ್ಕ ಬಾರದ ಹುಡುಗನಿಗೆ, ಬೆಳೆದರೂ ಜವಾಬ್ದಾರಿ ತಿಳಿಯದ ಮಗನಿಗೆ, ಅಡಿಗೆಯಲ್ಲಿ ಉಪ್ಪು ಮರೆತ ಸೊಸೆಗೆ, ಎಲ್ಲರಿಗೂ ಈ ಒಂದೇ ಶಬ್ದ. ಹಿಂದಿನ ಕಾಲದಲ್ಲಿ ತಪ್ಪು ಮಾಡಿದವನ ತಲೆ ಬೋಳಿಸಿ, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಊರಲ್ಲಿ ಮೆರೆಸುವ ಶಿಕ್ಷೆ ಈ ದೇಶದ ಅನೇಕ ಕಡೆಗಳಲ್ಲಿ ಇತ್ತು. ಕಲ್ಯಾಣದಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲದ ಸುಮಾರಿಗೆ ಪಶ್ಚಿಮದ ಕೊಂಕಣದಲ್ಲಿ ಶಿಲಾಹಾರ ಅರಸರು ತಮ್ಮ ದಾನಗಳನ್ನು ಕೆಡಿಸುವವರಿಗೆ ಶಾಪವಾಗಿ ಕತ್ತೆಯ ಚಿತ್ರ ಕೊರೆದ ಕಲ್ಲುಗಳನ್ನು ನೆಡಿಸಿದ್ದಾರೆ. ಆ ಚಿತ್ರದ ಅರ್ಥವನ್ನು ಸಭೆಯ ಪತ್ರಿಕೆಯಲ್ಲಿ ಬಿಡಿಸಿ ಬರೆಯುವದು ಯುಕ್ತವಲ್ಲ. ಇಷ್ಟು ತಲೆಮಾರುಗಳಿಂದ ಅವಮಾನಕ್ಕೆ ಉಪಯೋಗಿಸಿದ ಶಬ್ದವು ನಮ್ಮ ಕಿವಿಗೆ ಕಹಿಯಾಗಿರುವದು ಆಶ್ಚರ್ಯವೇ?

ಆದರೆ ಈ ಅವಮಾನವು ಪ್ರಾಣಿಗೆ ಮಾತ್ರ ನಿಂತಿಲ್ಲ. ಕತ್ತೆಯನ್ನು ಸಾಕಿದವರು ಯಾರು? ಬಟ್ಟೆಯ ಗಂಟು ಹೊರಿಸುವ ಮಡಿವಾಳರು, ಮಣ್ಣು ಹೊರಿಸುವ ಕುಂಬಾರರು, ಕಲ್ಲು ಹೊರಿಸುವ ವಡ್ಡರು. ಪ್ರಾಣಿಯನ್ನು ಹೀಗಳೆದ ಬಾಯೇ ಅದರ ಹಿಂದೆ ನಡೆಯುವವನನ್ನೂ ಹೀಗಳೆಯಿತು. 12ನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವ ಕಾಯಕದವರಾಗಿದ್ದೂ ಶರಣರೊಳಗೆ ಗೌರವದ ಸ್ಥಾನ ಪಡೆದರೆಂಬದನ್ನು ಊರವರೆಲ್ಲಾ ಬಲ್ಲರು. ಹೀಗಿದ್ದರೂ ಹೊರೆ ಹೊರುವವರ ಮೇಲಣ ತಿರಸ್ಕಾರವು ಈ ಸೀಮೆಯಿಂದ ತೊಲಗಲಿಲ್ಲ. ಊರ ಹೊರಗೆ ಮನೆ ಕಟ್ಟಿಕೊಂಡು, ಮುಟ್ಟಬಾರದವರೆನಿಸಿಕೊಂಡು, ಕತ್ತೆಚಾಕರಿ ಮಾಡಿದವರು ನಮ್ಮ ಸಭೆಗಳಲ್ಲಿ ಬಹುಮಂದಿಯ ಅಜ್ಜ ಮುತ್ತಜ್ಜಂದಿರೇ ಆಗಿದ್ದಾರಲ್ಲವೇ?

ಸತ್ಯವೇದಕ್ಕೆ ಬರೋಣ. ಕನ್ನಡದಲ್ಲಿ ಕತ್ತೆ ಎಂದು ಓದುವ ಕಡೆಯಲ್ಲೆಲ್ಲಾ ಇಬ್ರಿಯ ಭಾಷೆಯಲ್ಲಿ ಒಂದೇ ಶಬ್ದವಿದೆಯೆಂದು ಎಣಿಸಬಾರದು. ಗಂಡುಕತ್ತೆಯು ಹಮೋರ್, ಹೆಣ್ಣುಕತ್ತೆಯು ಆತೋನ್, ಎಳೆಯದು ಅಯಿರ್, ಕಾಡುಕತ್ತೆಯು ಪೆರೆ. ದಾವೀದನ ಅಪ್ಪಣೆಯಿಂದ ಸೊಲೊಮೋನನು ಏರಿದ ಹೇಸರಗತ್ತೆಯಾದರೋ ಕತ್ತೆಗೂ ಕುದುರೆಗೂ ಹುಟ್ಟಿದ ಬೇರೆ ಪ್ರಾಣಿ. ಹೆಸರಿನಲ್ಲಿ ಕತ್ತೆಯಿದ್ದರೂ ಅದನ್ನು ಇದರೊಂದಿಗೆ ಸೇರಿಸಬಾರದು. ನಮ್ಮ ಕಡೆಯ ಕತ್ತೆಕಿರುಬವಂತೂ ಕತ್ತೆಯೇ ಅಲ್ಲ.

ಆದಿಕಾಂಡದ 34ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಶೆಕೆಮ್ ಪಟ್ಟಣದ ಸೀಮೆಯನ್ನಾಳಿದ ಪ್ರಭುವಿನ ಹೆಸರು ಹಮೋರ. ಅಂದರೆ ಕತ್ತೆ! ಅರಸನಿಗೆ ತಂದೆತಾಯಿಗಳು ಇಟ್ಟ ಹೆಸರು ಅದು. ಇದನ್ನು ಕೇಳಿ ನಗುವವರು ತಮ್ಮ ಊರಿನ ಹೆಸರನ್ನು ಯೋಚಿಸಲಿ. ಬಸವ ಎಂಬದು ಸಂಸ್ಕೃತದ ವೃಷಭ ಎಂಬದರ ತದ್ಭವ. ಅದರ ಅರ್ಥ ಎತ್ತು, ಗೂಳಿ. ನಾವು ಎತ್ತಿನ ಹೆಸರನ್ನು ಮಕ್ಕಳಿಗೂ ಪಟ್ಟಣಕ್ಕೂ ಇಟ್ಟು ಸಂತೋಷಪಡುತ್ತೇವೆ. ಯಾಕಂದರೆ ಎತ್ತು ನಮಗೆ ಅನ್ನ ಕೊಡುತ್ತದೆ. ಕಾನಾನಿನ ಬೆಟ್ಟದ ಸೀಮೆಯಲ್ಲಿ ಕಲ್ಲುದಾರಿಯಲ್ಲಿ ಹೊರೆ ಹೊತ್ತು ಮನೆಯನ್ನು ನಡಿಸಿದ್ದು ಕತ್ತೆಯು. ಆದದರಿಂದ ಯಾಕೋಬನು ತನ್ನ ಮಕ್ಕಳನ್ನು ಕರೆದು ಕಡೆಯ ಮಾತು ಹೇಳುವಾಗ ಇಸ್ಸಾಕಾರನನ್ನು ಬಲವಾದ ಕತ್ತೆಗೆ ಹೋಲಿಸಿದನು, ಯೂದನನ್ನು ಸಿಂಹದ ಮರಿಗೆ ಹೋಲಿಸಿದ ಅದೇ ಬಾಯಿಂದ.

ಕಾಡುಕತ್ತೆಯ ವಿಷಯದಲ್ಲಿಯೂ ಒಂದು ಮಾತು ಅವಶ್ಯವಾಗಿದೆ. ಆದಿಕಾಂಡದ 16ನೆಯ ಅಧ್ಯಾಯದಲ್ಲಿ ದೂತನು ಹಾಗರಳಿಗೆ, ನಿನ್ನ ಮಗನಾದ ಇಷ್ಮಾಯೇಲನು ಕಾಡುಕತ್ತೆಯಂತಿರುವನೆಂದು ತಿಳಿಸುತ್ತಾನೆ. ನಮ್ಮವರಲ್ಲಿ ಕೆಲವರು ಈ ವಚನವನ್ನು ನೆರೆಯ ಮುಸಲ್ಮಾನರ ಮೇಲೆ ಬೈಗಳಂತೆ ಎಸೆಯುವದುಂಟು. ಇದು ಅಜ್ಞಾನ. ಯೋಬನ ಗ್ರಂಥದ 39ನೆಯ ಅಧ್ಯಾಯವು ಪೆರೆ ಎಂದರೆ ಏನೆಂದು ನಮಗೆ ತಿಳಿಸುತ್ತದೆ: ಅದರ ಕಟ್ಟುಗಳನ್ನು ದೇವರೇ ಬಿಚ್ಚಿದ್ದಾನೆ, ಅಡವಿಯೇ ಅದರ ಮನೆ, ಹೊಡೆಯುವವನ ಕೂಗಿಗೆ ಅದು ಕಿವಿಗೊಡುವದಿಲ್ಲ. ಗುಜರಾತಿನ ಕಚ್ಛದ ರಣದಲ್ಲಿ ಇಂದಿಗೂ ಇಂಥಾ ಕಾಡುಕತ್ತೆಗಳಿವೆ. ಅವುಗಳನ್ನು ಹಿಡಿದು ಪಳಗಿಸಿ ಹೊರೆ ಹೊರಿಸುವವರಿಲ್ಲ. ಹಾಗರಳು ದಾಸಿಯಾಗಿದ್ದಳು, ಯಜಮಾನಿಯ ಹಿಂಸೆಗೆ ಓಡಿಬಂದವಳು. ಅವಳ ಮಗನು ಯಾರಿಗೂ ದಾಸನಾಗಿ ನೊಗಕ್ಕೆ ಕುತ್ತಿಗೆ ಕೊಡುವದಿಲ್ಲವೆಂಬ ಮಾತು ಆ ತಾಯಿಗೆ ಬೈಗಳಾಗಿ ಕೇಳಿಸಿರಲಾರದು.

ಈಗ ಕಸ್ತೂರಿಯ ಗಾದೆಯನ್ನು ನೆನಪಿಗೆ ತಂದುಕೊಳ್ಳಿರಿ. ಕತ್ತೆಗೆ ಏನು ಗೊತ್ತಿಲ್ಲವೆಂಬದನ್ನು ಗಾದೆಯು ಹೇಳುತ್ತದೆ. ಕತ್ತೆಗೆ ಏನು ಗೊತ್ತಿದೆಯೆಂಬದನ್ನು ಪ್ರವಾದಿಯಾದ ಯೆಶಾಯನು ತನ್ನ ಗ್ರಂಥದ ಮೊದಲನೆಯ ಅಧ್ಯಾಯದ ಮೂರನೆಯ ವಚನದಲ್ಲಿ ಹೇಳುತ್ತಾನೆ. ಎತ್ತಿಗೆ ತನ್ನ ಒಡೆಯನು ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ ಗೊತ್ತು, ದೇವಜನರಿಗೋ ತಮ್ಮ ದೇವರು ಗೊತ್ತಿಲ್ಲ ಎಂಬದು ಆ ವಚನದ ತಾತ್ಪರ್ಯ. ಕಸ್ತೂರಿಯಿಂದ ಹೊಟ್ಟೆ ತುಂಬುವದಿಲ್ಲ. ತನ್ನನ್ನು ಸಾಕುವ ಕೈ ಯಾವದೆಂದು ಅರಿಯುವದೇ ಪ್ರಾಣಿಯ ಜ್ಞಾನ. ಈ ಜ್ಞಾನವಿಲ್ಲದವನನ್ನು ಕತ್ತೆ ಎಂದು ಕರೆಯುವದು ಯೆಶಾಯನ ಲೆಕ್ಕದಲ್ಲಿ ಸಲ್ಲದ ಹೊಗಳಿಕೆಯಾದೀತು! ಪ್ರಸಂಗವಶಾತ್ ಹೇಳುವದಾದರೆ, ಕ್ರಿಸ್‌ಮಸ್ ನಾಟಕದಲ್ಲಿ ಗೋದಲಿಯ ಪಕ್ಕದಲ್ಲಿ ನಾವು ನಿಲ್ಲಿಸುವ ಎತ್ತು ಕತ್ತೆಗಳು ಲೂಕನ ಸುವಾರ್ತೆಯಲ್ಲಿ ಇಲ್ಲ. ಈ ಯೆಶಾಯನ ವಚನದಿಂದಲೇ ಹಿಂದಿನ ಕ್ರೈಸ್ತರು ಅವುಗಳನ್ನು ಅಲ್ಲಿಗೆ ಕರೆತಂದರು. ಮರಿಯಳು ಬೇತ್ಲೆಹೇಮಿಗೆ ಕತ್ತೆಯ ಮೇಲೆ ಬಂದಳೆಂಬದೂ ಬರೆದಿಲ್ಲ. ನಾಟಕದಲ್ಲಿ ಇರಲಿ, ತೊಂದರೆಯಿಲ್ಲ. ಪರೀಕ್ಷೆಯಲ್ಲಿ ಹಾಗೆ ಉತ್ತರ ಬರೆಯಬೇಡಿರಿ.

ಬಿಳಾಮನ ಕಥೆಯು ಈ ಶಬ್ದವನ್ನು ಕಲಿಯುವವರಿಗೆ ಮುಖ್ಯವಾದದ್ದು. ಅಲ್ಲಿರುವದು ಆತೋನ್, ಹೆಣ್ಣುಕತ್ತೆ. ಮೊದಲನೆಯ ಸಲ ಅದು ದಾರಿ ಬಿಟ್ಟು ಹೊಲಕ್ಕೆ ತಿರುಗಿತು, ಪೆಟ್ಟು ಬಿತ್ತು. ಎರಡನೆಯ ಸಲ ಗೋಡೆಗೆ ಒತ್ತಿಕೊಂಡು ಬಿಳಾಮನ ಕಾಲು ಇರುಕಿತು, ಪೆಟ್ಟು ಬಿತ್ತು. ಮೂರನೆಯ ಸಲ ಎಡಬಲಕ್ಕೆ ಜಾಗವಿಲ್ಲದ್ದರಿಂದ ಅವನ ಕೆಳಗೇ ಮಲಗಿಬಿಟ್ಟಿತು, ಆಗಲೂ ಕೋಲಿನಿಂದ ಪೆಟ್ಟೇ ಬಿತ್ತು. ಕತ್ತೆಯನ್ನು ಮೊಂಡ ಪ್ರಾಣಿಯೆಂದು ಲೋಕವು ಕರೆಯುತ್ತದೆ. ಅದನ್ನು ಸಾಕಿದವರಿಗೆ ನಿಜ ಗೊತ್ತು: ಕುದುರೆಯು ಹೆದರಿದರೆ ಓಡುತ್ತದೆ, ಕತ್ತೆಯು ಹೆದರಿದರೆ ನಿಲ್ಲುತ್ತದೆ. ನೀರು ಎಷ್ಟು ಆಳವೆಂದು ಕಾಣದ ಹಳ್ಳದ ಮುಂದೆ, ಸಡಿಲವಾದ ಕಲ್ಲಿನ ಮೇಲೆ, ಅದು ಕಾಲಿಡುವ ಮುಂಚೆ ನೋಡುತ್ತದೆ. ಅದು ನಿಂತದ್ದು ಯಾಕೆಂದು ಕೇಳದೆ ನಾವು ಕೋಲು ಎತ್ತುತ್ತೇವೆ. ಬಿಳಾಮನೂ ಕೇಳಲಿಲ್ಲ. ಕಡೆಗೆ ಯೆಹೋವನು ಅದರ ಬಾಯನ್ನು ತೆರೆದಾಗ ಆ ಪ್ರಾಣಿಯು ಬೈಯಲಿಲ್ಲ. ನಾನು ಇಷ್ಟು ಕಾಲ ನಿನ್ನನ್ನು ಹೊತ್ತೆನಲ್ಲಾ, ಎಂದಾದರೂ ಹೀಗೆ ಮಾಡಿದ್ದುಂಟೋ ಎಂದು ಮಾತ್ರ ಕೇಳಿತು. ಇಲ್ಲ ಎಂದು ಒಪ್ಪಿಕೊಳ್ಳಬೇಕಾದದ್ದು ದೇವದರ್ಶನ ಕಾಣುವವನೆನಿಸಿಕೊಂಡಿದ್ದ ಬಿಳಾಮನೇ. ಅದು ತಿರುಗದೆ ಹೋಗಿದ್ದರೆ ನಿನ್ನನ್ನು ಕೊಂದು ಅದನ್ನು ಉಳಿಸುತ್ತಿದ್ದೆನೆಂದು ದೂತನು ಆಮೇಲೆ ತಿಳಿಸಿದನು. ನಮ್ಮ ಮನೆಗಳಲ್ಲಿ ಏ ಕತ್ತಿ, ಸುಮ್ಕಿರು ಎಂದು ಬಾಯಿ ಮುಚ್ಚಿಸಲ್ಪಟ್ಟ ಹೆಂಗಸರೂ ಮಕ್ಕಳೂ ಮುಂದಿನ ಅಪಾಯವನ್ನು ನಮಗಿಂತ ಮೊದಲು ಕಂಡಿದ್ದರೋ ಏನೋ ಎಂದು ಈ ಅಧ್ಯಾಯವನ್ನು ಓದುವಾಗೆಲ್ಲಾ ನನಗೆ ತೋರುತ್ತದೆ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡ ಎಂದು ಹೇಳಿದ ಹೆಂಡತಿಯ ಮಾತನ್ನು ತಳ್ಳಿದ ಗಂಡಸರ ಕಥೆಗಳು ಪ್ರತಿ ಹಳ್ಳಿಯಲ್ಲಿಯೂ ಇವೆ.

ಮೋಶೆಯ ಧರ್ಮಶಾಸ್ತ್ರದಲ್ಲಿ ಕತ್ತೆಗೆ ಸಬ್ಬತ್ತಿನ ವಿಶ್ರಾಂತಿಯುಂಟು. ಶತ್ರುವಿನ ಕತ್ತೆಯು ಹೊರೆಯ ಕೆಳಗೆ ಬಿದ್ದಿದ್ದರೂ ಅದನ್ನು ಎಬ್ಬಿಸುವದಕ್ಕೆ ಸಹಾಯ ಮಾಡಬೇಕೆಂಬ ಆಜ್ಞೆಯುಂಟು. ಇವು ಸುಲಭವಾಗಿ ತಿಳಿಯುವವು. ಆದರೆ ವಿಮೋಚನಕಾಂಡದ 13ನೆಯ ಅಧ್ಯಾಯದ 13ನೆಯ ವಚನವನ್ನು ನಿಧಾನವಾಗಿ ಓದತಕ್ಕದ್ದು. ಕತ್ತೆಯು ಮೆಲುಕು ಹಾಕುವದಿಲ್ಲ, ಅದರ ಗೊರಸು ಸೀಳಿಲ್ಲ. ಆದದರಿಂದ ಅದು ಅಶುದ್ಧವೆಂದು ಎಣಿಸಲ್ಪಟ್ಟಿತ್ತು, ಯಜ್ಞವೇದಿಗೆ ಬರಲಾರದು. ಹಾಗಾದರೆ ಅದರ ಚೊಚ್ಚಲು ಮರಿಯ ಗತಿಯೇನು? ಒಂದೋ ಅದರ ಕುತ್ತಿಗೆ ಮುರಿಯಬೇಕು, ಇಲ್ಲವೇ ಅದಕ್ಕೆ ಬದಲಾಗಿ ಒಂದು ಕುರಿಮರಿಯನ್ನು ಕೊಟ್ಟು ಬಿಡಿಸಿಕೊಳ್ಳಬೇಕು. ಆ ವಚನದಲ್ಲಿ ಹೆಸರೆತ್ತಿ ಹೇಳಿದ ಪ್ರಾಣಿ ಕತ್ತೆಯೊಂದೇ. ಅದರ ಬೆನ್ನಿಗೇ ಮನುಷ್ಯರ ಚೊಚ್ಚಲು ಮಕ್ಕಳನ್ನೂ ಬಿಡಿಸಬೇಕೆಂದು ಬರೆದಿದೆ. ಕತ್ತೆಯ ಮರಿಯೂ ಮನುಷ್ಯನ ಮಗನೂ ಒಂದೇ ವಚನದಲ್ಲಿ ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಅಶುದ್ಧವೆಂದು ಬದಿಗಿಡಲ್ಪಟ್ಟದ್ದಕ್ಕಾಗಿ ನಿರ್ದೋಷವಾದ ಕುರಿಮರಿ ಸತ್ತಿತು. ದೇವರ ಕುರಿಮರಿ ಎಂದು ಸ್ನಾನಿಕನಾದ ಯೋಹಾನನು ಯಾರನ್ನು ತೋರಿಸಿದನೆಂದು ಬಲ್ಲವರಿಗೆ, ಮುಟ್ಟಬಾರದವರೆಂದು ಲೋಕವು ಬದಿಗಿಟ್ಟಿದ್ದ ಮನೆಗಳಿಂದ ಬಂದು ಸ್ನಾನಹೊಂದಿದವರಿಗೆ, ಈ ವಚನವನ್ನು ಇನ್ನೂ ಬಿಡಿಸಿ ಹೇಳಬೇಕಾದ್ದಿಲ್ಲ.

ಈಗ ಯೆರೂಸಲೇಮಿನ ಪ್ರವೇಶದ ವಿಷಯ. ಕತ್ತೆಯ ಮೇಲೆ ಮೆರೆಸುವ ಶಿಕ್ಷೆಯನ್ನು ಕೇಳಿ ಬಲ್ಲ ನಮ್ಮವರಿಗೆ ಇದು ಯೇಸುವಿಗೆ ಆದ ಅವಮಾನವೆಂದು ತೋರುವದು ಸಹಜ. ಹಾಗೆಯೇ ಬೋಧಿಸಿದ ಪ್ರಸಂಗಗಳನ್ನೂ ನಾನು ಕೇಳಿದ್ದೇನೆ. ಅದು ಸರಿಯಲ್ಲ. ನ್ಯಾಯಸ್ಥಾಪಕರ ಕಾಲದಲ್ಲಿ ಕತ್ತೆಯು ಪ್ರಭುಗಳ ವಾಹನವಾಗಿತ್ತು. ಯಾಯೀರನ 30 ಮಂದಿ ಮಕ್ಕಳು 30 ಕತ್ತೆಗಳನ್ನೇರುತ್ತಿದ್ದರು. ಅಬ್ದೋನನ 40 ಮಕ್ಕಳೂ 30 ಮೊಮ್ಮಕ್ಕಳೂ 70 ಕತ್ತೆಗಳನ್ನೇರುತ್ತಿದ್ದರು. ಜೆಕರ್ಯನ 9ನೆಯ ಅಧ್ಯಾಯದಲ್ಲಿ ಬರುವ ಅರಸನು ದೀನನೆಂಬದು ನಿಜ. ಆದರೆ ಅದರ ಮುಂದಿನ ವಚನವನ್ನೂ ಓದಬೇಕು. ಅಲ್ಲಿ ರಥವೂ ಯುದ್ಧದ ಕುದುರೆಯೂ ಬಿಲ್ಲೂ ಇಲ್ಲದೆ ಹೋಗುವವು, ಜನಾಂಗಗಳಿಗೆ ಸಮಾಧಾನ ಸಾರಲ್ಪಡುವದು. ಕುದುರೆಯೇರಿ ಬರುವವನು ಊರನ್ನು ಗೆಲ್ಲಲು ಬರುವನು, ಕತ್ತೆಯೇರಿ ಬರುವವನು ತನ್ನ ಊರಿಗೆ ಬರುವನು. ಬಸವಕಲ್ಯಾಣದ ಕೋಟೆಯ ಬಾಗಿಲುಗಳು ಎಷ್ಟು ಕುದುರೆಗಳ ದಂಡನ್ನು ಕಂಡಿವೆಯೋ ಲೆಕ್ಕವಿಲ್ಲ. ಅಂಥಾ ಬಾಗಿಲಲ್ಲಿ ಆಯುಧವಿಲ್ಲದೆ, ಮಡಿವಾಳನ ಪ್ರಾಣಿಯ ಮೇಲೆ ಒಬ್ಬ ಅರಸನು ಬಂದರೆ ಹೇಗಿದ್ದೀತೆಂದು ಮಕ್ಕಳಿಗೆ ತೋರಿಸಿಕೊಡಿರಿ. ಗ್ರೀಕ್ ಮೂಲದಲ್ಲಿ ಮತ್ತಾಯನು ಆ ಜೆಕರ್ಯನ ವಚನವನ್ನು ಬರೆಯುವಾಗ ಕತ್ತೆಗೆ ಹುಪೊಜುಗಿಯೋನ್ ಎಂಬ ಶಬ್ದವನ್ನು ಉಪಯೋಗಿಸಿದ್ದಾನೆ. ಅದರ ಅರ್ಥ ನೊಗದ ಕೆಳಗಿನದು. ಪೇತ್ರನ ಎರಡನೆಯ ಪತ್ರಿಕೆಯಲ್ಲಿ ಬಿಳಾಮನ ಕತ್ತೆಗೂ ಅದೇ ಶಬ್ದ. ಯೋಹಾನನಾದರೋ ಓನಾರಿಯೊನ್ ಎನ್ನುತ್ತಾನೆ. ಅದು ಚಿಕ್ಕ ಕತ್ತೆ ಎಂಬ ಮುದ್ದಿನ ರೂಪ.

ಸತ್ಯವೇದವು ಈ ಶಬ್ದವನ್ನು ಎಂದೂ ಹೀನಾರ್ಥದಲ್ಲಿ ಉಪಯೋಗಿಸಿಲ್ಲವೆಂದು ನಾನು ಹೇಳುವದಿಲ್ಲ. ಯೆರೆಮೀಯನು 22ನೆಯ ಅಧ್ಯಾಯದಲ್ಲಿ ಯೆಹೋಯಾಕೀಮನಿಗೆ ಕತ್ತೆಗಾಗುವ ಮಣ್ಣೇ ಆಗುವದೆಂದು, ಅಂದರೆ ಹೆಣವನ್ನು ಎಳೆದು ಊರ ಬಾಗಿಲಾಚೆ ಬಿಸಾಡುವರೆಂದು ನುಡಿದಿದ್ದಾನೆ. ಆದರೆ ಆ ಮಾತು ಬಿದ್ದದ್ದು ಯಾರ ಮೇಲೆ? ಕೆಲಸ ಮಾಡಿಸಿಕೊಂಡು ಕೂಲಿ ಕೊಡದೆ ಅರಮನೆ ಕಟ್ಟಿಸಿದ ಅರಸನ ಮೇಲೆ. ಜ್ಞಾನೋಕ್ತಿಗಳ 26ನೆಯ ಅಧ್ಯಾಯವನ್ನೂ ಕೆಲವರು ತಪ್ಪಾಗಿ ಹೇಳುತ್ತಾರೆ. ಅಲ್ಲಿ ಕತ್ತೆಗೆ ಇರುವದು ಕಡಿವಾಣ ಮಾತ್ರ, ಬೆತ್ತವಿರುವದು ಮೂಢನ ಬೆನ್ನಿಗೆ.

ನಮ್ಮನ್ನು ಈ ಶಬ್ದದಿಂದ ಹಾಸ್ಯ ಮಾಡುವವರು ಹೊಸಬರಲ್ಲ. ಕ್ರೈಸ್ತರು ಕತ್ತೆಯ ತಲೆಯನ್ನು ಪೂಜಿಸುವರೆಂಬ ಅಪವಾದವು ರೋಮ್ ರಾಜ್ಯದಲ್ಲಿ ಹಬ್ಬಿತ್ತು. ಆಫ್ರಿಕದ ತೆರ್ತುಲ್ಲಿಯನನು ಸುಮಾರು ಕ್ರಿ. ಶ. 197ರಲ್ಲಿ ಅದಕ್ಕೆ ಉತ್ತರ ಬರೆದನು. 1857ರಲ್ಲಿ ರೋಮ್ ಪಟ್ಟಣದ ಪಾಲತೀನ್ ಗುಡ್ಡದಲ್ಲಿ ಹಳೆಯ ಕಟ್ಟಡವೊಂದನ್ನು ಅಗೆದಾಗ, ಗಾರೆಯ ಗೋಡೆಯ ಮೇಲೆ ಮೊಳೆಯಿಂದಲೋ ಚೂರಿಯಿಂದಲೋ ಗೀರಿದ ಒಂದು ಚಿತ್ರ ಸಿಕ್ಕಿತು. ಅದು ಸುಮಾರು 200ನೆಯ ವರುಷದ್ದೆಂದು ಬಹುಮಂದಿ ಪಂಡಿತರು ಎಣಿಸುತ್ತಾರೆ. ಶಿಲುಬೆಯ ಮೇಲೆ ಕತ್ತೆಯ ತಲೆಯುಳ್ಳ ಮನುಷ್ಯನು; ಕೆಳಗೆ ಒಬ್ಬನು ಕೈಯೆತ್ತಿ ನಿಂತಿದ್ದಾನೆ; ಅಲೆಕ್ಸಾಮೆನೊಸನು ತನ್ನ ದೇವರನ್ನು ಪೂಜಿಸುತ್ತಾನೆ ಎಂಬ ಅರ್ಥದ ಗ್ರೀಕ್ ಅಕ್ಷರಗಳು. ಗೀರಿದವನು ಯಾರೋ ತಿಳಿಯದು. ಆದರೆ ಪಕ್ಕದ ಕೋಣೆಯ ಗೋಡೆಯಲ್ಲಿ ಬೇರೆ ಕೈಬರಹದಲ್ಲಿ ಅಲೆಕ್ಸಾಮೆನೊಸನೆಂಬ ಅದೇ ಹೆಸರೂ ಅದರ ಮುಂದೆ ನಂಬಿಗಸ್ತನು ಎಂಬ ಒಂದು ಮಾತೂ ಇವೆ. ಅವನು ಮೊದಲನೆಯ ಚಿತ್ರವನ್ನು ಅಳಿಸಿರಲಿಲ್ಲ.

ಕಡೆಗೆ, ಪಾಠ ಕಲಿಸುವವರ ಅನುಕೂಲಕ್ಕಾಗಿ ಒಂದೆರಡು ಮಾತು. ಕತ್ತೆಗಳು ಈಗ ಬೇಗ ಬೇಗನೆ ಕಡಿಮೆಯಾಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ಭಾರತದಲ್ಲೆಲ್ಲಾ ಸುಮಾರು 3 ಲಕ್ಷ 20 ಸಾವಿರ ಇದ್ದವು 2019ರ ಗಣತಿಯಲ್ಲಿ ಸುಮಾರು 1 ಲಕ್ಷ 20 ಸಾವಿರಕ್ಕೆ ಇಳಿದವು. ಅವು ಹೊರುತ್ತಿದ್ದ ಇಟ್ಟಿಗೆಯನ್ನೂ ಮಣ್ಣನ್ನೂ ಟ್ರ್ಯಾಕ್ಟರುಗಳು ಹೊರುತ್ತವೆ. ಬೈಗಳನ್ನು ಬಲ್ಲ ಮಕ್ಕಳಲ್ಲಿ ಎಷ್ಟೋ ಮಂದಿ ಪ್ರಾಣಿಯನ್ನು ಹತ್ತಿರದಿಂದ ಕಂಡಿರುವದಿಲ್ಲ. ನಿಮ್ಮ ಊರಲ್ಲಾಗಲಿ ನೆರೆಯೂರಲ್ಲಾಗಲಿ ಕತ್ತೆ ಸಾಕಿದವರಿದ್ದರೆ ಗರಿಗಳ ಆದಿತ್ಯವಾರದ ಮುಂಚಿನ ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಅಪ್ಪಣೆ ಕೇಳಿ ತೋರಿಸಿರಿ. ಬೂದುಬಣ್ಣದ ಕತ್ತೆಯಾದರೆ ಅದರ ಬೆನ್ನಿನುದ್ದಕ್ಕೂ ಹೆಗಲಿನ ಅಡ್ಡಕ್ಕೂ ಕರಿಗೆರೆಗಳು ಕೂಡಿ ಶಿಲುಬೆಯಂತೆ ಕಾಣುವದುಂಟು. ಕರ್ತನನ್ನು ಹೊತ್ತದ್ದರಿಂದ ಆ ಗುರುತು ಬಂತೆಂಬದು ಜನರ ಕಥೆ, ವೇದವಾಕ್ಯವಲ್ಲ. ಆಫ್ರಿಕದ ಕಾಡುಕತ್ತೆಗಳಲ್ಲಿಯೂ ಅಂಥಾ ಗೆರೆಗಳಿವೆ. ಆ ವಾರದಲ್ಲಿ ಮನೆಮನೆಗಳಲ್ಲಿ ಅರಣ್ಯಕಾಂಡ 22, ಜೆಕರ್ಯ 9, ಯೋಹಾನ 12 ಎಂಬ ಅಧ್ಯಾಯಗಳನ್ನು ಈ ಕ್ರಮದಲ್ಲಿಯೇ ಓದಿಸತಕ್ಕದ್ದು. ಅರಣ್ಯಕಾಂಡವನ್ನು ಓದುವವರು 23ನೆಯ ಮತ್ತು 29ನೆಯ ವಚನಗಳನ್ನು ಮುಂಚಿತವಾಗಿ ಒಂದು ಸಲ ಗಟ್ಟಿಯಾಗಿ ಓದಿ ನೋಡಿಕೊಳ್ಳಲಿ.